ಪಾರವ್ವನ ಕಿವಿಯ ಚಿಪ್

ಯಂತ್ರಗಳ ಚಿಪ್‌ಗಳು ಕಾಯಿಗಳಂತೆ ಬಳ್ಳಿಯಲ್ಲಿ ಬಿಡತೊಡಗಿದ ಮೇಲೆ ಒಂದರ ತಂತಿಗಾಲಿನಂತೆ ಇನ್ನೊಂದರ ಕಾಲು ಇರುತ್ತಿರಲಿಲ್ಲ. ಪ್ರತಿಯೊಂದನ್ನೂ ಅಳೆದು, ಬೋರ್ಡಿನ ಮೇಲೆ ಅದು ಕೂರುವ ಜಾಗವನ್ನು ಕಂಪ್ಯೂಟರಿನಲ್ಲಿ ಬರೆದುಕೊಡುವುದೇ ಗದಗಿನ ಮಹಾನಂದಾಳ ಕಸುಬು.

ಪಾರವ್ವನ ಕಿವಿಯಂತ್ರದ ಚಿಪ್ ಹಿಡಿದು ಗಂಡ ಈರಬಸಪ್ಪ ಮತ್ತೆ ಬಂದಿದ್ದ. ಹಿಂದಿನ ಸಲ ಅವಳು ಅಳತೆ ಬರೆದು ಅಚ್ಚು ಹಾಕಿಕೊಟ್ಟಿದ್ದ ಹಾಳೆಯ ಮೇಲೆ ಅದನ್ನಿಟ್ಟು, "ಈ ಸಲಾನೂ ಕಾಲು ಹೊರಗ ಬಂದಾವ ನೋಡವ್ವಾ," ಎಂದು ಮರುಗಿದ. ಪಕ್ಕದಲ್ಲಿ ಪಾರವ್ವ ಏನೂ ಕೇಳಿಸದೆ ನಗುತ್ತ ಕುಳಿತಿದ್ದಳು.

ಮಹಾನಂದಾ ಚಿಪ್ ಮುಟ್ಟಿ ನೋಡಿದಳು. ಒದ್ದೆಯಾಗಿತ್ತು. ಕಿತ್ತ ಮೇಲೂ ನೀರುಣಿಸಿದರೆ ಕಾಲು ಬೆಳೆಯುತ್ತವೆಂದು ಊರಿಗೆಲ್ಲ ಗೊತ್ತು.

"ಕಾಕಾ, ಇದಕ್ಕ ನೀರು ಹಾಕೀರೇನು?"

"ಬಾಡಬಾರದಂತ, ಒಂದೀಟ," ಎಂದು ಅವನು ಹಲ್ಲು ಕಿರಿದ.

"ಇಲ್ಲೇ ಇಟ್ಟು ಹೋಗ್ರಿ. ಚಾ ಕುಡದು ಬರ್ರಿ."

ಅವನು ಬರುವಷ್ಟರಲ್ಲಿ ಅವಳು ಹೊಸ ಅಳತೆಗೆ ಬೋರ್ಡು ಕೊರೆದು, ಚಿಪ್ ಬೆಸೆದು, ಯಂತ್ರವನ್ನು ಪಾರವ್ವನ ಕಿವಿಗಿಟ್ಟಿದ್ದಳು. ಮುದುಕಿ ಅದು ಕಾಣದಂತೆ ಕಿವಿಯ ಮೇಲೆ ಸೆರಗು ಹೊದ್ದಳು.

"ತಡಾ ಆದರ ಆಗಲಿ ಬಿಡವ್ವಾ," ಎಂದ ಚಾ ಕುಡಿದು ಬಂದ ಈರಬಸಪ್ಪ, ಹುಮ್ಮಸ್ಸಿನಿಂದ. "ಆಕಿಗೆ ಕೇಳದಾಗಿಂದ ಮನಿಯೊಳಗ ನಾನೂ ನಾಕು ಮಾತು ಆಡಾಕತ್ತೇನಿ."

ಪಾರವ್ವ ಕಿವಿಯ ಮೇಲಿನ ಸೆರಗು ಸರಿಸಿದಳು.

"ಆಡ್ರಿ, ಆಡ್ರಿ. ನಿನ್ನೆ ಏನಂದಿದ್ರಿ, ಅಲ್ಲಿಂದಾನ ಶುರು ಮಾಡ್ರಿ."