ಎರಡನೆಯ ಹೊಗೆ

"ನಾಯಿಗೂ ಈ ಮನೇಲಿ ಅನ್ನ ಹಾಕ್ತೀನಿ. ಅದು ಬಾಲನಾದ್ರೂ ಅಲ್ಲಾಡಿಸತ್ತೆ. ನೀನು ಬಿಟ್ಟಿ ತಿನ್ನೋದಲ್ದೆ, ದಾಲ್ ನೀರಾಗಿದೆ ಅಂತ ಬೇರೆ ಹೇಳ್ತೀಯಾ?"

ಅತ್ತಿಗೆ ಕೌಶಿಲಾ ಸೌಟು ಹಿಡಿದುಕೊಂಡು ಮೈದುನ ಜತನ್‌ಗೆ ಇದನ್ನು ಹೇಳಿದ್ದು ತವರಿನಿಂದ ಬಂದು ಊಟಕ್ಕೆ ಕೂತಿದ್ದ ತನ್ನ ಅಣ್ಣತಮ್ಮಂದಿರ ಎದುರಿಗೆ. ಅವರು ನಕ್ಕರು. ಜತನ್ ಅದನ್ನಾದರೂ ನುಂಗಿಕೊಳ್ಳುತ್ತಿದ್ದ. ಆದರೆ ಅಣ್ಣ ಪೂಜನ್ ಕೂಡ ಅನ್ನ ಕಲಸುತ್ತಾ ತಲೆ ಬಗ್ಗಿಸಿಕೊಂಡು ನಕ್ಕ. ಅಪ್ಪ ಸತ್ತ ಮೇಲೆ ತನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಅಣ್ಣ. ಕೆಲಸ ಇಲ್ಲ, ನಿಜ. ಆರಾ ಪಟ್ಟಣದ ಕಡೆಯ ಆ ಊರಿನಲ್ಲಿ ಯಾರಿಗಿತ್ತು ಕೆಲಸ? ನಕ್ಕವರಿಗಿತ್ತೇ?

ಜತನ್ ತಟ್ಟೆ ಬಿಟ್ಟು ಎದ್ದ. ಡಬ್ಬಿಯಿಂದ ಎರಡು ಹಿಡಿ ತೊಗರಿಬೇಳೆ ತೆಗೆದ. ಅಂಗಳದ ಮೂಲೆಯಲ್ಲಿ ಮೂರು ಇಟ್ಟಿಗೆ ಜೋಡಿಸಿ, ಬೆರಣಿ ಹೊತ್ತಿಸಿ, ಚಿಟಿಕೆ ಅರಿಶಿನ ಹಾಕಿ ಬೇಳೆ ಬೇಯಲಿಟ್ಟ. ದಾಲ್ ಅಂದರೆ ಹೇಗಿರಬೇಕು ಅಂತ ತೋರಿಸುತ್ತೇನೆ ಎಂದು ಕೂಗಾಡಿದ್ದು ಬರೀ ಬಾಯಿಮಾತು. ಅವನಿಗೆ ಬೇಕಾಗಿದ್ದದ್ದು ಇಷ್ಟೇ. ಅಣ್ಣ ಬಂದು ರಟ್ಟೆ ಹಿಡಿದು, ಸಾಕು ನಿನ್ನ ನಾಟಕ, ಬಂದು ಉಣ್ಣು ಅನ್ನಬೇಕು.

ಅಣ್ಣನಿಗಿಂತ ಮೊದಲು ಬುಝಾವನ ಕಾಕಾ ಬಂದರು. ಊರಿನ ಜಗಳಗಳನ್ನೆಲ್ಲ ತೀರಿಸುವ ಹಿರಿಯರು. ಹೊಲದಿಂದಲೇ ನೋಡಿದ್ದರಂತೆ, ಒಂದೇ ಅಂಗಳದಿಂದ ಎರಡು ಹೊಗೆ. ಆ ಸೀಮೆಯಲ್ಲಿ ಒಲೆ ಬೇರೆಯಾಯಿತು ಅಂದರೆ ಮನೆ ಪಾಲಾಯಿತು ಅಂತಲೇ. ಅದಕ್ಕೆ ಕೋರ್ಟು ಬೇಡ, ಕಾಗದ ಬೇಡ. ದಾರಿಯಲ್ಲಿ ಸಿಕ್ಕ ಗೋಡೆ ಕಟ್ಟುವ ಮೇಸ್ತ್ರಿಯನ್ನೂ ಕಾಕಾ ಜೊತೆಗೇ ಕರೆತಂದಿದ್ದರು.

"ಕಾಕಾ, ಬರೀ ದಾಲ್ ಇದು," ಅಂದ ಜತನ್.

"ನಿಮ್ಮಜ್ಜನೂ ಬರೀ ಖಿಚಡಿ ಅಂತಲೇ ಶುರು ಮಾಡಿದ್ದು. ಅವನ ತಮ್ಮನ ಮಕ್ಕಳು ಈಗ ಕೆರೆ ಆಚೆ ಇದಾರೆ."

"ಹಂಗಾದ್ರೆ ಈಗಲೇ ಆರಿಸಿಬಿಡ್ತೀನಿ." ಜತನ್ ನೀರಿನ ಚೊಂಬು ಎತ್ತಿದ.

"ಥೂ! ಬೇಯೋ ಪಾತ್ರೆ ಕೆಳಗೆ ನೀರು ಹೊಯ್ತಾರೇನೋ? ಮನೇಲಿ ಯಾರು ಸತ್ತರು?" ಕಾಕಾ ಚೊಂಬು ಕಿತ್ತುಕೊಂಡರು. "ಒಗ್ಗರಣೆ ಬೀಳೋವರೆಗೂ ಟೈಮಿದೆ. ಒಗ್ಗರಣೆ ಚುಂಯ್ ಅಂತೋ, ಮುಗೀತು, ಆಮೇಲೆ ಬ್ರಹ್ಮ ಬಂದ್ರೂ ಒಲೆ ಒಂದಾಗಲ್ಲ. ಅಷ್ಟರೊಳಗೆ ಪಾಲು ಮಾಡಿಬಿಡೋಣ, ಏಳಿ ಏಳಿ."

ಮೊದಲ ನೊರೆ ಉಕ್ಕುವಷ್ಟರಲ್ಲಿ ಹೊಲ ಎರಡಾಯಿತು. ಎಮ್ಮೆಯ ಬೆಳಗಿನ ಹಾಲು ಅಣ್ಣನಿಗೆ, ಸಂಜೆಯದು ತಮ್ಮನಿಗೆ. ಬಾಗಿಲಿನ ಎಡಗಡೆಯ ಕದ ಒಬ್ಬನಿಗೆ, ಬಲಗಡೆಯದು ಇನ್ನೊಬ್ಬನಿಗೆ. ಚಿಲಕದ ವಿಷಯದಲ್ಲಿ ಮಾತ್ರ ತೀರ್ಮಾನವಾಗದೆ, ಅದನ್ನು ಬಿಚ್ಚಿಸಿ ಕಾಕಾ ತಮ್ಮ ಜೇಬಿಗೆ ಹಾಕಿಕೊಂಡರು. ಮೇಸ್ತ್ರಿ ಅಂಗಳದ ನಡುವೆ ದಾರ ಎಳೆದ. ತವರಿನವರು ಕೈ ಕೂಡ ತೊಳೆಯದೆ ಎಂಜಲು ಕೈಯಲ್ಲೇ ಅದರ ಒಂದು ತುದಿ ಹಿಡಿದರು. ದಾರ ಸರಿಯಾಗಿ, ಅಂಗಳದಲ್ಲಿ ಅಮ್ಮ ಮಲಗಿದ್ದ ಹಗ್ಗದ ಮಂಚದ ಮೇಲೆ ಹಾದುಹೋಯಿತು.

"ನಾನೀಗ ಯಾರ ಮನೇಲಿ ಮಲಗಿದೀನಪ್ಪಾ?" ಅಂದಳು ಅಮ್ಮ.

"ತಲೆ ದೊಡ್ಡವನ ಮನೇಲಿ, ಕಾಲು ಚಿಕ್ಕವನ ಮನೇಲಿ. ಸದ್ಯಕ್ಕೆ ಮಗ್ಗುಲು ಬದಲಾಯಿಸಬೇಡಮ್ಮ, ದಾರ ಅಲ್ಲಾಡತ್ತೆ," ಅಂದ ಮೇಸ್ತ್ರಿ.

ಜತನ್‌ಗೆ ಒಂದೇ ದಾರಿ ಉಳಿದಿತ್ತು, ಒಗ್ಗರಣೆ ಹಾಕದೆ ಇರುವುದು. ಬೇಳೆ ಬೆಂದು ಕರಗಿತು, ನೀರು ಹೊಯ್ದ. ಮತ್ತೆ ಕುದಿಯಿತು, ಮತ್ತೆ ಹೊಯ್ದ. ಬೇಳೆ ಎಲ್ಲಿದೆ ಅಂತ ಹುಡುಕುವ ಹಾಗಾಯಿತು. ಆಗಲಿ. ಸಂಜೆಯವರೆಗೂ ಕುದಿಸಿಯೇನು. ತಲೆ ಎತ್ತಿ ನೋಡಿದರೆ ದಾರದ ಆಚೆ ಪೂಜನ್ ಕೂಡ ಇವನನ್ನೇ ನೋಡುತ್ತಾ ನಿಂತಿದ್ದ. ಇಬ್ಬರ ಗಂಟಲಲ್ಲೂ ಮಾತಿತ್ತು. ಇವನು ಮೊದಲು ಆಡಲಿ ಅಂತ ಅವನು, ಅವನು ಮೊದಲು ಆಡಲಿ ಅಂತ ಇವನು. ಕೊನೆಗೆ ಪೂಜನ್ ಏನನ್ನೋ ಗೊಣಗಿಕೊಂಡು ಅಡುಗೆಮನೆಗೆ ಹೋದ.

ಹೊರಗೆ ಬಂದಾಗ ಅವನ ಕೈಯಲ್ಲಿ ಕಬ್ಬಿಣದ ಸೌಟು. ಅದರಲ್ಲಿ ಹೊಗೆಯಾಡುವ ತುಪ್ಪ, ಕೆಂಪಗಾದ ಬೆಳ್ಳುಳ್ಳಿ, ಕಪ್ಪಗಾದ ಮೆಣಸಿನಕಾಯಿ.

"ನನ್ನ ಕೈಲಿ ನೋಡಕ್ಕಾಗಲ್ಲ ಕಣೋ," ಅಂದ. "ತುಪ್ಪ ಇಲ್ಲ, ಬೆಳ್ಳುಳ್ಳಿ ಇಲ್ಲ, ಹಂಗೇ ಕುಡೀತೀಯೇನೋ ಹುಚ್ಚಾ ಅದನ್ನ?"

"ಅಣ್ಣಾ, ಬೇಡ..."

ಚುಂಯ್!

ಕಾಕಾ ಆಕಾಶದ ಕಡೆ ಕೈಮುಗಿದು "ಆಯ್ತು" ಅಂದರು. ಮೇಸ್ತ್ರಿ ದಾರದ ಗುಂಟ ಮೊದಲ ಇಟ್ಟಿಗೆ ಇಟ್ಟ. ತವರಿನವರು ಸಾಲಾಗಿ ಸೀನಿದರು. ಪೂಜನ್ ಖಾಲಿ ಸೌಟು ಹಿಡಿದುಕೊಂಡು, ತಾನು ಮಾಡಿದ್ದಾದರೂ ಏನು ಅಂತ ತಿಳಿಯದೆ, ಒಬ್ಬೊಬ್ಬರ ಮುಖವನ್ನೂ ನೋಡಿದ. ಆಮೇಲೆ ತಮ್ಮನ ಕಡೆ ತಿರುಗಿ, ತುಂಬ ಪ್ರೀತಿಯಿಂದ ಕೇಳಿದ:

"ಹೋಗ್ಲಿ ಬಿಡು. ರಾತ್ರಿ ಊಟಕ್ಕೆ ನಮ್ಮನೆಗೆ ಬರ್ತೀಯಲ್ಲ?"

ಜತನ್ ಎದ್ದ. ಕುದಿಯುವ ದಾಲ್ ಅಲ್ಲೇ ಬಿಟ್ಟು, ದಾರ ಸೋಕದ ಹಾಗೆ, ತನ್ನ ಪಾಲಿನ ಅಂಗಳದಲ್ಲೇ ಕಾಲಿಡುತ್ತಾ ನಡೆದು ಹೋದ.