ಎಡಗಡೆಯ ತಟ್ಟೆ

ಯಾರೋ ಕೈಯಾಡಿಸಿದ್ದಾರೆ. ಅದರಲ್ಲಿ ಅವನಿಗೆ ಅನುಮಾನವೇ ಉಳಿದಿರಲಿಲ್ಲ.

ಎರಡು ಟರ್ನ್‌ಟೇಬಲ್ಲುಗಳ ಮೇಲೆ ಎರಡು ಗ್ರಾಮಫೋನ್ ತಟ್ಟೆ. ಬಲಗಡೆಯದು ಹೇಳಿದ ಮಾತು ಕೇಳುತ್ತಿತ್ತು. ಬೆರಳಿಟ್ಟರೆ ಹಾಡು ನಿಲ್ಲುತ್ತಿತ್ತು, ಹಿಂದಕ್ಕೆಳೆದರೆ ಹಿಂದಕ್ಕೆ ಬರುತ್ತಿತ್ತು. ಎಡಗಡೆಯದು ಸುಮ್ಮನೆ ಸುತ್ತುತ್ತಿತ್ತು. ಲ್ಯಾಪ್‌ಟಾಪಿನೊಳಗಿನ ಹಾಡು ಮಿಸುಕಲೇ ಇಲ್ಲ. ಜೋಡಿ ಎತ್ತಿನಲ್ಲಿ ಒಂದು ನಡುಹೊಲದಲ್ಲಿ ಮಲಗಿಬಿಟ್ಟ ಹಾಗೆ.

"ಅಮ್ಮಾ, ಇದನ್ನ ಮುಟ್ಟಿದ್ಯಾ?"

ತಾಯಿ ಅವನ ಕರಿ ಅಂಗಿ, ಸೂಜಿ ದಾರ ಹಿಡಿದು ಒಳಕೋಣೆಯಿಂದ ಬಂದಳು. "ಧೂಳು ಒರೆಸಿದೆ. ಒರೆಸಬಾರದಿತ್ತಾ?"

"ಒರೆಸಬಾರದಿತ್ತು."

"ಸರಿ. ನನ್ನ ಹಾಡಿನ ಪ್ಲೇಟು ನೋಡಿದ್ಯೇನೋ? ನಿಮ್ಮಪ್ಪ ತಂದಿದ್ದು, ಹೆಸರೆಲ್ಲ ಅಳಿಸಿಹೋಗಿರೋದು. ಎಲ್ಲೂ ಕಾಣ್ತಿಲ್ಲ."

"ಎಲ್ಲೋ ಮಂಚದ ಕೆಳಗಿರುತ್ತೆ. ಈಗ ಅದಲ್ಲಮ್ಮ. ಏನೂ ಮುಟ್ಟದೆ ಕೂತ್ಕೊ."

ಅವಳು ಕಿಟಕಿಯ ಬೆಳಕಿಗೆಂದು ಸ್ಟೂಲು ಎಳೆದುಕೊಂಡು ಎಡಗಡೆಯ ತಟ್ಟೆಯ ಪಕ್ಕದಲ್ಲೇ ಕೂತು, ಅಂಗಿಗೆ ಗುಂಡಿ ಹೊಲಿಯತೊಡಗಿದಳು. ಹೊಟ್ಟೆಯ ಮೇಲಿನ ಗುಂಡಿ. ಪ್ರತಿ ಸಲ ಹಾರುವುದು ಅದೇ.

ಸಂಜೆ ಪೇಟೆಯ ಡಾನ್ಸ್ ಹಾಲ್‌ನಲ್ಲಿ ಕುಣಿತ. ವಾರಕ್ಕೊಮ್ಮೆ ಅಲ್ಲಿ ಹಾಡು ಹಾಕುವುದೇ ಅವನ ಕಸುಬು. ಹೋದ ವಾರ ಸಿ.ಡಿ. ಪ್ಲೇಯರ್ ನಡುಹಾಡಿನಲ್ಲಿ ಬಿಕ್ಕಳಿಸಿ ನಿಂತಿತ್ತು. ಜೋಡಿಗಳೆಲ್ಲ ಹಿಡಿದ ಕೈ ಬಿಡದೆ ಅವನ ಕಡೆ ತಿರುಗಿ ನೋಡಿದ್ದರು. ಹಾಲ್‌ನ ಯಜಮಾನರು ಬೈಯಲಿಲ್ಲ. "ನೀನು ತಟ್ಟೆ ಆಡಿಸೋದು ನೋಡೋಕೇ ಜನ ಬರೋದು ಕಣಪ್ಪ. ಬರೀ ಗುಂಡಿ ಒತ್ತೋದಾದ್ರೆ ನಮ್ಮ ಅಳಿಯನ ಫೋನೇ ಸಾಕು. ಇನ್ನೊಂದು ಸಲ ನೋಡ್ತೀನಿ," ಎಂದಿದ್ದರು. ಆ ಇನ್ನೊಂದು ಸಲವೇ ಇವತ್ತು.

ಊರಿಗೆಲ್ಲ ಅವನು 'ಸಿಡಿಲು'. ಹೆಸರು ಇಟ್ಟುಕೊಂಡವನು ಅವನೇ. ಮಂಡಿನೋವು ಶುರುವಾದ ಮೇಲೂ ಬಿಟ್ಟಿರಲಿಲ್ಲ. ನಿನ್ನೆ ತಾನೇ ಮನೆಯಲ್ಲಿದ್ದ ಗ್ರಾಮಫೋನ್ ತಟ್ಟೆಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು, ಹೊಸದಾಗಿ ಮಾಡಿಸಿದ ದುಂಡು ಸ್ಟಿಕ್ಕರುಗಳನ್ನು ಎರಡರ ನಡುವೆ ಅಂಟಿಸಿದ್ದ. ಹಳದಿ ಮಿಂಚು, ಕೆಳಗೆ ಅವನ ಹೆಸರು, ಒಂದರಲ್ಲಿ 'ಎಡ', ಇನ್ನೊಂದರಲ್ಲಿ 'ಬಲ'. ದೂರ ಹಿಡಿದು ನೋಡಿ, ತನಗೆ ತಾನೇ ಭೇಷ್ ಅಂದುಕೊಂಡಿದ್ದ. ಹಾಗೆನ್ನಲು ಬೇರೆ ಯಾರೂ ಇರಲಿಲ್ಲ.

ಅವನ ಕೆಲಸದ ತಟ್ಟೆಗಳಲ್ಲಿ ಹಾಡಿರುವುದಿಲ್ಲ. ಒಂದೇ ಸಮನೆ ಕೀಚಲು ಸದ್ದು, ಅದೂ ಸ್ಪೀಕರಿಗಾಗಲಿ ಹೆಡ್‌ಫೋನಿಗಾಗಲಿ ಬಾರದೆ ನೇರ ಲ್ಯಾಪ್‌ಟಾಪಿಗೆ ಹೋಗುತ್ತದೆ. ಅದನ್ನು ಕೇಳಿ, ಮುಳ್ಳು ಎಲ್ಲಿದೆ, ಯಾವ ಕಡೆ ಓಡುತ್ತಿದೆ ಎಂದು ಸಾಫ್ಟ್‌ವೇರ್ ತಿಳಿದುಕೊಂಡು, ತನ್ನೊಳಗಿನ ಹಾಡನ್ನು ಹಾಗೆಯೇ ಓಡಿಸುತ್ತದೆ. ಸದ್ದು ಸರಿಯಿದ್ದರೆ ತೆರೆಯ ಮೇಲೆ ಹಸಿರು ಬಳೆ ಮೂಡುತ್ತದೆ. ಬಲಕ್ಕೆ ಬಳೆ ಮೂಡಿತ್ತು. ಎಡಕ್ಕೆ ಮಾತ್ರ ಬೆಕ್ಕು ಆಡಿ ಬಿಟ್ಟ ನೂಲಿನುಂಡೆ.

ದೊಡ್ಡ ಹೆಡ್‌ಫೋನ್ ಕಿವಿಗೇರಿಸಿ ಕೆಲಸಕ್ಕಿಳಿದ. ಮುಳ್ಳಿನ ತುದಿಯನ್ನು ಕುಂಚದಿಂದ ಒರೆಸಿದ. ನೂಲು. ಅರ್ತ್ ತಂತಿ ಬಿಗಿದ. ನೂಲು. ಸೌಂಡ್ ಮಿಕ್ಸರಿನ ಹಿಂದಿನ ಸ್ವಿಚ್ಚು ನೋಡಿದ. ಇರಬೇಕಾದ ಕಡೆಗೇ ಇತ್ತು. ಬಿಕ್ಕಳಿಸುವ ಸಿ.ಡಿ. ಪ್ಲೇಯರಿಗೆ ಅದೇ ಕೀಚಲು ಸದ್ದಿನ ಸಿ.ಡಿ. ಹಾಕಿ, ಎಡಗಡೆಯ ವೈರಿಗೆ ಜೋಡಿಸಿ ನೋಡಿದರೆ, ಬಿಕ್ಕುತ್ತಲೇ ಬಳೆ ಮೂಡಿತು. ಅಂದರೆ ಸಾಫ್ಟ್‌ವೇರಿನದು ತಪ್ಪಿಲ್ಲ. ಮುಳ್ಳುಗಳನ್ನು ಅದಲುಬದಲು ಮಾಡಿದ, ವೈರುಗಳನ್ನೂ ಮಾಡಿದ. ತಟ್ಟೆಗಳನ್ನು ಮಾಡಲಿಲ್ಲ, 'ಎಡ' ಎಂದು ತಾನೇ ಅಂಟಿಸಿದ್ದನ್ನು ಬಲಕ್ಕೆ ಹಾಕುವಷ್ಟು ಪೆದ್ದನಲ್ಲ ಅವನು. ಏನು ಮಾಡಿದರೂ ನೂಲಿನುಂಡೆ ಎಡಗಡೆಯ ಟರ್ನ್‌ಟೇಬಲ್ ಬಿಟ್ಟು ಕದಲಲಿಲ್ಲ.

ಒಂದು ವಿಷಯ ಅವನಿಗೆ ಕಿರಿಕಿರಿಯಾಗುತ್ತಿತ್ತು. ಎಡಕ್ಕೆ ಮುಳ್ಳು ಇಳಿಸಿದಾಗಲೆಲ್ಲ ತಾಯಿಯ ತುಟಿ ಅಲ್ಲಾಡುತ್ತಿತ್ತು. ಎತ್ತಿದ ಕೂಡಲೇ ಸುಮ್ಮನಾಗುತ್ತಿದ್ದಳು. ಕೊನೆಗೆ ಮುಳ್ಳೆತ್ತಿ, ಹೆಡ್‌ಫೋನ್ ಕತ್ತಿಗಿಳಿಸಿದ.

"ಏನಮ್ಮಾ ಗೊಣಗ್ತಿದೀಯ?"

"ಏನಿಲ್ಲ ಕಣೋ. ನೀನು ನಿಲ್ಲಿಸಬೇಡ."

"ನಿಲ್ಲಿಸೋಕೆ ಶುರುವಾಗಿದ್ರೆ ತಾನೇ. ಒಂದೂ ಆಗ್ತಿಲ್ಲ."

"ಆಗ್ತಿದೆಯಲ್ಲೋ. ಚೆನ್ನಾಗೇ ಆಗ್ತಿದೆ."

ಅವಳ ಕಣ್ಣಂಚು ಒದ್ದೆಯಾಗಿತ್ತು. ಹೆತ್ತ ಕರುಳು, ಎಂದುಕೊಂಡ. ಮಗನ ಕಸುಬು ಕೈಬಿಡುವುದು ಅದಕ್ಕೆ ಮೊದಲೇ ತಿಳಿಯುತ್ತದೆ. ಆದರೂ ಸುಳ್ಳು ಸಮಾಧಾನ ಹೇಳುತ್ತದೆ. "ನಿಂಗೆ ಇದೆಲ್ಲ ಗೊತ್ತಾಗಲ್ಲಮ್ಮ," ಎಂದು ಹೆಡ್‌ಫೋನ್ ಮತ್ತೆ ಏರಿಸಿದ.

ಲ್ಯಾಪ್‌ಟಾಪ್ ಆರಿಸಿ ಹೊತ್ತಿಸಿದ. ಸಾಫ್ಟ್‌ವೇರ್ ಕಿತ್ತು ಮತ್ತೆ ಹಾಕಿದ. ಕೊನೆಯದಾಗಿ ಒಮ್ಮೆ ಮುಳ್ಳು ಇಳಿಸಿದ. ತೆರೆಯ ಮೇಲೆ ಅದೇ ನೂಲು, ಕಿವಿಯಲ್ಲಿ ಅದೇ ಮೌನ. ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಬಿಸಾಕಿ, ತಟ್ಟೆಯನ್ನು ಸುತ್ತುತ್ತಲೇ ಬಿಟ್ಟು, ಅಂಗಳಕ್ಕೆ ಹೋಗಿ ಹಾಲ್‌ನ ಯಜಮಾನರಿಗೆ ಫೋನು ಮಾಡಿದ.

"ಟರ್ನ್‌ಟೇಬಲ್ಲೇ ಸತ್ತಿದೆ ಯಜಮಾನ್ರೇ. ಎಲ್ಲ ನೋಡಿದೆ. ನಿಮ್ಮ ಅಳಿಯಂದ್ರ ಫೋನೇ ಇಟ್ಕೊಳ್ಳಿ."

"ಅದನ್ನ ಬೆಳಗ್ಗೇನೇ ಚಾರ್ಜಿಗೆ ಹಾಕಿದೀನಪ್ಪ," ಎಂದರು ಯಜಮಾನರು.

ಒಳಗೆ ಬಂದು, ಮುಳ್ಳೆತ್ತಲು ಕೈ ಚಾಚಿದ. ತಾಯಿ ಅವನ ಮಣಿಕಟ್ಟು ಹಿಡಿದಳು.

"ತಡಿಯೋ. ಚರಣ ಮುಗೀಲಿ."

ಕೋಣೆ ನಿಶ್ಶಬ್ದವಾಗಿತ್ತು. ಮೊದಲ ಸಲ ಅವನ ಕಿವಿಗಳೂ ಖಾಲಿಯಿದ್ದವು. ಮುಳ್ಳಿನ ತುದಿಯಿಂದ, ಸೊಳ್ಳೆಯಷ್ಟು ಸಣ್ಣ ದನಿಯಲ್ಲಿ, ಒಬ್ಬ ಹೆಂಗಸು ಹಾಡುತ್ತಿದ್ದಳು.

ಚರಣ ಮುಗಿಯಿತು. ಅವನು ತಟ್ಟೆ ನಿಲ್ಲಿಸಿ, ಹಳದಿ ಮಿಂಚಿನ ಅಂಚಿಗೆ ಉಗುರು ಹಾಕಿ ಕಿತ್ತ. ಅವನ ಹೆಸರಿನ ಕೆಳಗೆ, ಅಕ್ಷರವೆಲ್ಲ ಅಳಿಸಿಹೋದ ಹಳೆಯ ಬಿಳಿ ಕಾಗದ.

"ಕೇಳಿದ ಕೂಡಲೇ ಹುಡುಕಿ ಹಾಕಿದ್ಯಲ್ಲ ಅಂತ ಎಷ್ಟು ಖುಷಿಯಾಯ್ತು ಗೊತ್ತಾ," ಎಂದಳು ತಾಯಿ, ದಾರ ಕಡಿಯುತ್ತಾ. "ಬಹಳ ಸಣ್ಣಗೆ ಕೇಳಿಸ್ತಿತ್ತು. ವಯಸ್ಸಾಯ್ತಲ್ಲ, ನನ್ನ ಕಿವಿಯದೇ ದೋಷ ಅಂದ್ಕೊಂಡೆ."