ಅಕ್ಕನ ಅಂಗಡಿಗೆ ನೋಟಿಸು

ಸ್ವಂತ ಅಕ್ಕನ ಹೊಲಿಗೆ ಅಂಗಡಿಯ ಬಾಗಿಲಿಗೆ ನೋಟಿಸು ಅಂಟಿಸುವ ಹೊತ್ತಿಗೆ ನಗರಸಭೆಯ ಇನ್‌ಸ್ಪೆಕ್ಟರಮ್ಮನ ಕೈ ಸೋತಿತ್ತು. ಪಾಳುಬಿದ್ದ ಪೇಟೆಗೆ ಮತ್ತೆ ಜೀವ ತುಂಬುತ್ತೇವೆಂದು ಹೊರಟವರು ಶಿಥಿಲ ಕಟ್ಟಡಗಳ ಪಟ್ಟಿಯನ್ನು ಅವಳಿಗೇ ಕೊಟ್ಟಿದ್ದರು. ಬೆಳಗಿನಿಂದ ಹನ್ನೊಂದು ಬಾಗಿಲಾಗಿತ್ತು. ಬೈಗುಳ ತಿಂದೇ ಹೊಟ್ಟೆ ತುಂಬಿತ್ತು. ಇಲ್ಲಿ ಮೇಲಿನ ಎರಡು ಅಂತಸ್ತು ಖಾಲಿ ಬಿದ್ದು, ಗೋಡೆಯ ಬಿರುಕಿನಲ್ಲಿ ಕೈ ತೂರುವಂತಾಗಿತ್ತು.

ಅಕ್ಕ ಹೊರಗೆ ಬಂದು, ಅಂಗಡಿ ತೆರವು ಮಾಡಬೇಕೆಂಬ ನೋಟಿಸು ಓದಿದಳು. "ಬೇರೆ ಯಾರನ್ನಾದ್ರೂ ಕಳಿಸ್ಬಾರದಿತ್ತೇನೇ?"

"ಬೇರೆಯವರು ಬಂದಿದ್ರೆ ನೀನು ಹೋದ ಸಲದ ಹಾಗೇ ಬಾಗಿಲು ಹಾಕ್ಕೊಂಡು ಕೂತ್ಬಿಡ್ತಿದ್ದೆ. ಚಾವಣಿ ಯಾವತ್ತು ಬೀಳುತ್ತೋ ಅಂತ ನಂಗೆ ನಿದ್ದೆನೇ ಇಲ್ಲ ಅಕ್ಕ."

ಕಾಗದ ಸೊಟ್ಟಗೆ ಕೂತಿತ್ತು, ನಡುವೆ ಸುಕ್ಕು ಬೇರೆ. ಅಕ್ಕ ಅದನ್ನು ಮೆಲ್ಲಗೆ ಬಿಡಿಸಿದಳು. ಹರಿದು ಮುಖಕ್ಕೆ ಎಸೆಯುತ್ತಾಳೆಂದೇ ತಂಗಿ ಕಾದಳು. ತಡೆಯುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. ಅಕ್ಕ ಅಂಚು ಸರಿನೋಡಿ ಮತ್ತೆ ಅಂಟಿಸಿ, ಸುಕ್ಕು ಹೋಗುವಂತೆ ಅಂಗೈಯಿಂದ ಸವರಿದಳು. "ಮೂವತ್ತು ವರ್ಷದಲ್ಲಿ ಈ ಅಂಗಡೀಲಿ ಸೊಟ್ಟಗೆ ಏನೂ ಕೂತಿಲ್ಲ" ಎಂದವಳು ಒಳಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಕೂಗಿದಳು: "ಬಾರೇ, ಮಷೀನಿನ ಆ ತುದಿ ಹಿಡ್ಕೋ. ನನ್ನೊಬ್ಬಳ ಕೈಲಿ ಆಗಲ್ಲ."